ಅಗ್ನಿಶಾಮಕ ವಾಹನದ ಹತ್ತು ನಿಮಿಷ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಬಣವೆಗೆ ಬೆಂಕಿ ಬಿದ್ದ ಊರಿನಲ್ಲಿ ಮರುದಿನ ಕೇಳಿಬರುವ ದೂರುಗಳು ಸಾಮಾನ್ಯವಾಗಿ ಮೂರು. ಗಾಡಿ ತಡವಾಗಿ ಬಂದಿತು, ನೀರಿಲ್ಲದೆ ಬಂದಿತು, ಉರಿಯುತ್ತಿದ್ದ ಬಣವೆಯನ್ನು ಬಿಟ್ಟು ಉರಿಯದ ಮನೆಗೆ ನೀರು ಬಿಟ್ಟರು. ಈ ಪೈಕಿ ಮೊದಲನೆಯದರಲ್ಲಿ ಹಲವು ಬಾರಿ ಸತ್ಯಾಂಶವಿರುತ್ತದೆ. ಉಳಿದೆರಡು ಅಗ್ನಿಶಾಮಕ ಕಾರ್ಯದ ಸ್ವರೂಪವನ್ನು ಅರಿಯದೆ ಹುಟ್ಟುವ ದೂರುಗಳು. ಗ್ರಾಮ ಪಂಚಾಯಿತಿ ಸದಸ್ಯರು ಈ ಸ್ವರೂಪವನ್ನು ತಿಳಿದಿದ್ದರೆ ಸ್ಥಳದಲ್ಲಿ ಜನರನ್ನು ಸಮಾಧಾನಪಡಿಸುವುದಷ್ಟೇ ಅಲ್ಲ, ಊರಿನ ಸಿದ್ಧತೆಯನ್ನೂ ಬದಲಿಸಬಲ್ಲರು.

ಮೊದಲು ನೀರಿನ ಲೆಕ್ಕವನ್ನು ನೋಡಬಹುದು. ತಾಲ್ಲೂಕು ಠಾಣೆಗಳಿಂದ ಬರುವ ಸಾಮಾನ್ಯ ಜಲವಾಹನದ ತೊಟ್ಟಿ 4,500 ಲೀಟರ್ ಹಿಡಿಯುತ್ತದೆ. ಅದರ ಪಂಪು ನಿಮಿಷಕ್ಕೆ 1,800 ಲೀಟರ್ ನೀರನ್ನು ಹೊರಹಾಕುವಷ್ಟು ಶಕ್ತಿಯುಳ್ಳದ್ದು. 63 ಮಿ.ಮೀ. ಹೋಸ್‌ನ ತುದಿಗೆ 20 ಮಿ.ಮೀ. ಬಾಯಿಯ ಬ್ರಾಂಚ್ ಜೋಡಿಸಿ ಸಾಧಾರಣ ಒತ್ತಡದಲ್ಲಿ ನೀರು ಬಿಟ್ಟರೆ ನಿಮಿಷಕ್ಕೆ 450ರಿಂದ 500 ಲೀಟರ್ ವ್ಯಯವಾಗುತ್ತದೆ. ಅಂದರೆ ಒಂದು ಬ್ರಾಂಚ್ ನಡೆಸಿದರೆ ತೊಟ್ಟಿ ಒಂಬತ್ತು ಹತ್ತು ನಿಮಿಷಗಳಲ್ಲಿ ಬರಿದು; ಎರಡು ನಡೆಸಿದರೆ ಐದು ನಿಮಿಷವೂ ಬಾರದು. ಗಾಡಿ ನೀರಿಲ್ಲದೆ ಬಂದಿರುವುದಿಲ್ಲ. ತುಂಬಿ ಬಂದ ನೀರು ಮುಗಿದಿರುತ್ತದೆ.

ಹತ್ತನೆಯ ನಿಮಿಷದ ನಂತರ ಏನಾಗುತ್ತದೆ ಎಂಬುದನ್ನು ಠಾಣೆಗಿಂತ ಹೆಚ್ಚಾಗಿ ಗ್ರಾಮ ಪಂಚಾಯಿತಿ ನಿರ್ಧರಿಸುತ್ತದೆ. ಠಾಣೆಯು 30 ಕಿ.ಮೀ. ದೂರದ ತಾಲ್ಲೂಕು ಕೇಂದ್ರದಲ್ಲಿದ್ದು, ವಾಹನ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿತೆಂದು ಭಾವಿಸಿದರೂ ನೀರು ತುಂಬಿಸಿಕೊಂಡು ಮರಳಲು ಒಂದೂವರೆ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಊರಿನ ಸಾರ್ವಜನಿಕ ನಲ್ಲಿಯಲ್ಲಿ ತುಂಬಿಸಲು ಹೋದರೆ ಪರಿಸ್ಥಿತಿ ಇದಕ್ಕಿಂತಲೂ ಕಷ್ಟ. ನಿಮಿಷಕ್ಕೆ 20 ಲೀಟರ್ ಕೊಡುವ ನಲ್ಲಿಯಿಂದ 4,500 ಲೀಟರ್ ತುಂಬಲು 3 ಗಂಟೆ 45 ನಿಮಿಷ ಬೇಕು. ಊರ ಪಕ್ಕದಲ್ಲೇ ತುಂಬಿದ ತೆರೆದ ಬಾವಿ ಇದೆಯಲ್ಲ ಎಂದು ಜನ ಕೇಳುವುದುಂಟು. ಪಂಪು ನೀರನ್ನು ಮೇಲಕ್ಕೆ ಹೀರುವುದು ವಾಯುಮಂಡಲದ ಒತ್ತಡದ ಬಲದಿಂದ. ಸಮುದ್ರಮಟ್ಟದಲ್ಲಿ ಅದರ ಸೈದ್ಧಾಂತಿಕ ಮಿತಿ ಸುಮಾರು 10 ಮೀಟರ್. ಬಯಲುಸೀಮೆಯ ಎತ್ತರದಲ್ಲಿ ತುಸು ಕಡಿಮೆ. ಪೈಪಿನ ಘರ್ಷಣೆ, ಜೋಡಣೆಗಳಲ್ಲಿನ ಸೋರಿಕೆ ಕಳೆದರೆ ಕೈಗೆ ಸಿಗುವುದು 7 ಮೀಟರ್ ಮಾತ್ರ. ನೀರಿನ ಮಟ್ಟ ಅದಕ್ಕಿಂತ ಆಳದಲ್ಲಿದ್ದರೆ ಬಾವಿ ಕಣ್ಣೆದುರು ಇದ್ದೂ ಉಪಯೋಗಕ್ಕೆ ಬಾರದು. ಎಷ್ಟೇ ಬಲವಾದ ಎಂಜಿನ್ ಇದ್ದರೂ ಈ ಮಿತಿ ಮೀರಲಾಗದು. ಕೆರೆಯಾದರೆ ಪಂಪಿಗೆ ಅನುಕೂಲ, ಆದರೆ ವಾಹನ ನೀರಿನ ಅಂಚಿನವರೆಗೆ ಹೋಗುವ ಗಟ್ಟಿ ನೆಲ ಬೇಕು. ನೀರೇ ನಾಲ್ಕೂವರೆ ಟನ್ ತೂಗುವ ವಾಹನವನ್ನು ಕೆರೆ ಏರಿಯ ಹಸಿಮಣ್ಣಿನ ಮೇಲೆ ನಿಲ್ಲಿಸುವಂತೆ ಒತ್ತಾಯಿಸುವುದು ಅಪಾಯಕರ.

ಆದಕಾರಣ ಉಳಿಯುವ ಉತ್ತಮ ಮಾರ್ಗವೆಂದರೆ ಪಂಚಾಯಿತಿಯ ಸ್ವಂತ ಮೇಲ್ಮಟ್ಟದ ಜಲಸಂಗ್ರಹಾಗಾರ. ಅದರಿಂದ ಇಳಿಯುವ ಮುಖ್ಯ ಕೊಳವೆಗೆ, ಗೇಟ್‌ವಾಲ್ವ್‌ಗೆ ಮೊದಲೇ, 63 ಮಿ.ಮೀ. ವ್ಯಾಸದ ಒಂದು ಪ್ರತ್ಯೇಕ ಹೊರಹರಿವನ್ನು ರಸ್ತೆಯ ಪಕ್ಕಕ್ಕೆ ತಂದು, ತುದಿಯಲ್ಲಿ ಠಾಣೆಯ ಹೋಸ್‌ಗೆ ಹೊಂದುವ ಜೋಡಣೆಯನ್ನು ಕೂರಿಸಿದರೆ ನಿಮಿಷಕ್ಕೆ 500 ಲೀಟರ್ ದೊರೆಯುವುದು ಕಷ್ಟವಲ್ಲ. ಗಾಡಿ ಒಂಬತ್ತು ನಿಮಿಷಗಳಲ್ಲಿ ತುಂಬುತ್ತದೆ. ಜೋಡಣೆಯ ಮಾದರಿಯನ್ನು ಠಾಣಾಧಿಕಾರಿಯಿಂದ ತೋರಿಸಿಕೊಂಡು ಖರೀದಿಸಬೇಕು; ಅಂದಾಜಿನಲ್ಲಿ ತಂದದ್ದು ಹೊಂದದೆ ಹೋದರೆ ಇಡೀ ಕಾಮಗಾರಿ ವ್ಯರ್ಥ. 50,000 ಲೀಟರ್ ತೊಟ್ಟಿಯಲ್ಲಿ ಹತ್ತನೆಯ ಒಂದು ಭಾಗ ಉಳಿದಿದ್ದರೂ ಒಂದು ಗಾಡಿಗೆ ಸಾಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವಾಗ ಹೀಗೆ ಉಳಿಸಲು ಜನ ಸುಲಭವಾಗಿ ಒಪ್ಪರು ಎಂಬುದು ನಿಜ. ಬೆಂಕಿಯ ಕಾಲವೂ ಅದೇ ಬೇಸಿಗೆಯಾಗಿರುವುದರಿಂದ ಈ ವಿಷಯವನ್ನು ಡಿಸೆಂಬರ್, ಜನವರಿಯ ವಾರ್ಡ್ ಸಭೆಗಳಲ್ಲೇ ಚರ್ಚಿಸಿ ತೀರ್ಮಾನಿಸುವುದು ಉಚಿತ.

ಇಲ್ಲಿ ಒಂದು ಕಾನೂನಿನ ಅಂಶ ಗಮನಾರ್ಹ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಅಗ್ನಿಶಾಮಕ ಸೇವೆ ಅವುಗಳಲ್ಲಿಲ್ಲ. ಅದು ನಗರ ಸ್ಥಳೀಯ ಸಂಸ್ಥೆಗಳ ಹನ್ನೆರಡನೆಯ ಅನುಸೂಚಿಯಲ್ಲಿದೆ. ಕರ್ನಾಟಕದಲ್ಲಂತೂ ಈ ಸೇವೆಯನ್ನು 1964ರ ಅಗ್ನಿಶಾಮಕ ದಳ ಅಧಿನಿಯಮದ ಅಡಿಯಲ್ಲಿ ರಾಜ್ಯ ಸರ್ಕಾರದ ಇಲಾಖೆಯೇ ನಿರ್ವಹಿಸುತ್ತದೆ. ಹೀಗಾಗಿ ಇದು ಪಂಚಾಯಿತಿಯ ಕೆಲಸವಲ್ಲ ಎಂಬ ಮಾತು ಸಭೆಗಳಲ್ಲಿ ಬರುವುದು ಸಹಜ. ಆದರೆ ಕುಡಿಯುವ ನೀರು, ಗ್ರಾಮೀಣ ರಸ್ತೆ, ಸಾರ್ವಜನಿಕ ಆಸ್ತಿಗಳ ನಿರ್ವಹಣೆ ಇವೆಲ್ಲ ಹನ್ನೊಂದನೆಯ ಅನುಸೂಚಿಯಲ್ಲೇ ಇವೆ. ಗಾಡಿ ಇಲಾಖೆಯದು, ಅದು ಓಡುವ ದಾರಿಯೂ ಅದಕ್ಕೆ ತುಂಬುವ ನೀರೂ ಊರಿನವು.

ದಾರಿಯ ವಿಷಯ ಹೆಚ್ಚು ಹೇಳಬೇಕಾದದ್ದಲ್ಲ. ವಾಹನದ ಅಗಲ ಸುಮಾರು ಎರಡೂವರೆ ಮೀಟರ್. ಮೂರು ಮೀಟರ್ ಅಗಲದ ಕಾಂಕ್ರೀಟ್ ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಟ್ರೇಲರ್ ನಿಂತಿದ್ದರೆ ಸಾಕು, ದಾರಿ ಬಂದ್. ಚರಂಡಿಯ ಮೇಲಿನ ಸ್ಲ್ಯಾಬ್ ಭಾರ ತಡೆಯದಿರಬಹುದು, ಜೋತುಬಿದ್ದ ತಂತಿ ವಾಹನದ ಮೇಲಿನ ಏಣಿಗೆ ತಾಗಬಹುದು. ರಸ್ತೆಯ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹಾಸುವ ರೂಢಿಯೂ ಇಲ್ಲಿ ಸ್ಮರಣಾರ್ಹ: ಹುಲ್ಲು ವಾಹನದ ಅಡಿಯಲ್ಲಿ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುತ್ತದೆ.

ತಡವಾಗುವುದಕ್ಕೆ ದೂರವೊಂದೇ ಕಾರಣವಲ್ಲ. ಮೊದಲ ಅರ್ಧ ಗಂಟೆ ಊರಿನವರೇ ಕೊಡಗಳಲ್ಲಿ ನೀರೆರಚಿ, ಕೈಮೀರಿದ ಮೇಲೆ ಕರೆ ಮಾಡುವುದು ಬಹುತೇಕ ಕಡೆ ಕಂಡುಬರುತ್ತದೆ. ಕರೆ ಮಾಡಿದವರು ಗಾಬರಿಯಲ್ಲಿ ಊರಿನ ಹೆಸರನ್ನಷ್ಟೇ ಹೇಳಿ ಫೋನ್ ಇಡುತ್ತಾರೆ. ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಹೊಸಹಳ್ಳಿಗಳು, ಬಸಾಪುರಗಳು ಇರುವಲ್ಲಿ ಇದರಿಂದಾಗುವ ಅನಾಹುತವನ್ನು ವಿವರಿಸಬೇಕಿಲ್ಲ. 112 ಅಥವಾ 101ಕ್ಕೆ ಕರೆ ಮಾಡುವವರು ಹೋಬಳಿ, ಪಂಚಾಯಿತಿ, ಮುಖ್ಯರಸ್ತೆಯಿಂದ ತಿರುಗುವ ಜಾಗ, ಉರಿಯುತ್ತಿರುವ ವಸ್ತು ಇಷ್ಟನ್ನು ಹೇಳಿ, ಒಬ್ಬರನ್ನು ಆ ಕ್ರಾಸ್‌ನಲ್ಲಿ ಟಾರ್ಚ್ ಹಿಡಿದು ನಿಲ್ಲಿಸಬೇಕು.

ಈಗ ಮೂರನೆಯ ದೂರು. ಅಗ್ನಿಶಾಮಕ ಸಿಬ್ಬಂದಿಗೆ ತರಬೇತಿಯಲ್ಲಿ ಮೊದಲು ಕಲಿಸುವುದೇ ಜೀವ, ಬಳಿಕ ಬೆಂಕಿ ಹರಡದಂತೆ ತಡೆ, ಆಮೇಲೆ ಆರಿಸುವಿಕೆ ಎಂಬ ಕ್ರಮ. ಹೊತ್ತಿ ಉರಿಯುತ್ತಿರುವ ಬಣವೆಯ ಮೇಲೆ ಹತ್ತು ನಿಮಿಷದ ನೀರನ್ನೆಲ್ಲ ಸುರಿದರೂ ಅದು ಉಳಿಯುವುದಿಲ್ಲ. ಒತ್ತಾಗಿ ಒಟ್ಟಿದ ಹುಲ್ಲಿನ ಮೇಲೆ ಬಿದ್ದ ನೀರು ಜಾರಿ ಕೆಳಗಿಳಿಯುತ್ತದೆ, ಒಡಲಿನ ಕಿಚ್ಚು ಹಾಗೆಯೇ ಇರುತ್ತದೆ. ಜೆ.ಸಿ.ಬಿ.ಯಿಂದಲೋ ಕವೆಗೋಲಿನಿಂದಲೋ ಬಣವೆಯನ್ನು ಬಿಡಿಸಿ, ಪದರ ಪದರವಾಗಿ ನನೆಸಬೇಕು. ಇದು ಗಂಟೆಗಟ್ಟಲೆಯ ಕೆಲಸ. ಅದೇ ನೀರಿನಿಂದ ಗಾಳಿಯ ದಿಕ್ಕಿನಲ್ಲಿರುವ ಕೊಟ್ಟಿಗೆ, ಮನೆಗಳನ್ನು ತಣಿಸಿದರೆ ಅವು ಉಳಿಯುತ್ತವೆ. ಹೀಗಿರುವಾಗ ಸದಸ್ಯರೊಬ್ಬರು ಮುಂದೆ ನಿಂತು ತಮ್ಮ ವಾರ್ಡಿನವರ ಬಣವೆಗೇ ಮೊದಲು ನೀರು ಬಿಡಿ ಎಂದು ಒತ್ತಾಯಿಸಿದರೆ ಹೊಣೆಯರಿತ ಅಧಿಕಾರಿ ಪೇಚಿಗೆ ಸಿಲುಕುತ್ತಾರೆ. ಸ್ಥಳದಿಂದ ಜನರನ್ನು ತೆರವುಗೊಳಿಸುವ, ರಸ್ತೆ ಮುಚ್ಚಿಸುವ, ಅಗತ್ಯಬಿದ್ದರೆ ಬಾಗಿಲು ಒಡೆದು ಒಳಹೋಗುವ ಅಧಿಕಾರವನ್ನು ಅಧಿನಿಯಮವು ದಳಕ್ಕೆ ನೀಡಿರುವುದು ಇಂತಹ ಹೊತ್ತಿಗಾಗಿಯೇ.

ಉತ್ಸಾಹಿ ಯುವಕರು ಸಿಬ್ಬಂದಿಯ ಕೈಯಿಂದ ಬ್ರಾಂಚ್ ಕಿತ್ತುಕೊಳ್ಳುವುದೂ ಉಂಟು. ಮೇಲೆ ಹೇಳಿದ 20 ಮಿ.ಮೀ. ಬಾಯಿಯಿಂದ ಸಾಧಾರಣ ಒತ್ತಡದಲ್ಲಿ ನೀರು ಚಿಮ್ಮುವಾಗ ಹಿಡಿದವರ ಮೇಲೆ 20 ಕೆ.ಜಿ.ಗಿಂತ ಹೆಚ್ಚಿನ ಹಿನ್ನೂಕು ಬೀಳುತ್ತದೆ. ಒತ್ತಡ ಇಮ್ಮಡಿಯಾದರೆ ಹಿನ್ನೂಕೂ ಇಮ್ಮಡಿ. ಕೈತಪ್ಪಿದ ಲೋಹದ ಬ್ರಾಂಚ್ ಹಾವಿನಂತೆ ಹೊರಳಿ ಹಲ್ಲು, ದವಡೆ ಮುರಿಯಬಲ್ಲದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರು ಅಕಾಡೆಮಿಯಲ್ಲಿ ತರಬೇತಾರ್ಥಿಗಳಿಗೆ ಹೋಸ್, ಏಣಿ, ಪಂಪುಗಳ ಕವಾಯತನ್ನು ಮತ್ತೆ ಮತ್ತೆ ಮಾಡಿಸುವುದು ಪ್ರದರ್ಶನಕ್ಕಾಗಿ ಅಲ್ಲ. ಕವಾಯತಿನಲ್ಲಿ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ, ಆ ಸಂಖ್ಯೆಗೊಂದು ನಿಶ್ಚಿತ ಕೆಲಸ. ಪಂಪಿನ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಕೈಸನ್ನೆಯಿಂದಲೇ ನೀರು ಬಿಡುವುದು, ನಿಲ್ಲಿಸುವುದು ನಡೆಯಬೇಕು. ಹಗ್ಗದ ಗಂಟು ಹಾಕುವುದನ್ನೂ ಕತ್ತಲೆಯಲ್ಲಿ ಕೈ ತಡವಿಯೇ ಮಾಡಲು ಬರಬೇಕು. ಬಾವಿಗೆ ಇಳಿಯುವವನ ಸೊಂಟದ ಗಂಟು ಎಳೆದಷ್ಟೂ ಬಿಗಿಯುವಂತಿದ್ದರೆ ಅದೇ ಅವನ ಉಸಿರು ಕಟ್ಟಿಸುತ್ತದೆ.

ಬಾವಿಯ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಗ್ರಾಮಗಳಲ್ಲಿ ಒಂದೇ ಘಟನೆಯಲ್ಲಿ ಒಂದೇ ಮನೆಯ ಎರಡು ಮೂರು ಜೀವಗಳು ಹೋಗುವುದು ಇಲ್ಲಿಯೇ. ಪಾಳುಬಾವಿ, ಶೌಚಗುಂಡಿ, ಗೋಬರ್ ಗ್ಯಾಸ್ ಗುಂಡಿಗಳಲ್ಲಿ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಸೇರಿಕೊಳ್ಳುತ್ತವೆ. ಮೊದಲಿನ ಎರಡು ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತವೆ. ಹೈಡ್ರೋಜನ್ ಸಲ್ಫೈಡ್ ಅಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಅದು ಕುಂದಿಸುವುದರಿಂದ ವಾಸನೆ ಇಲ್ಲವೆಂದು ಭಾಸವಾಗುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಇದನ್ನು ಪತ್ತೆಹಚ್ಚದು. ಮೀಥೇನ್ ಇದ್ದರೆ ಆ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಒಳಗೆ ಕುಸಿದವನನ್ನು ಕಂಡು ತಮ್ಮ ಇಳಿಯುತ್ತಾನೆ, ಅವನನ್ನು ಕಂಡು ನೆರೆಯವನು ಇಳಿಯುತ್ತಾನೆ. ಅಗ್ನಿಶಾಮಕ ಸಿಬ್ಬಂದಿ ಉಸಿರಾಟದ ಉಪಕರಣವಿಲ್ಲದೆ ಇಳಿಯಲು ನಿರಾಕರಿಸುವುದು ಹೇಡಿತನವಲ್ಲ. ಬೆನ್ನಿಗೆ ಹೊರುವ ಆ ಸಿಲಿಂಡರ್‌ನಲ್ಲಿಯೂ ಶ್ರಮದ ಕೆಲಸಕ್ಕೆ ಅರ್ಧ ಗಂಟೆಯ ಆಸುಪಾಸಿನಷ್ಟೇ ಗಾಳಿ ಇರುತ್ತದೆ. ಅದು ತೀರುತ್ತಾ ಬಂದಾಗ ಸೀಟಿ ಕೂಗುತ್ತದೆ, ಆಗ ಕೆಲಸ ಅರ್ಧಕ್ಕಿದ್ದರೂ ಮೇಲೆ ಬರಲೇಬೇಕು. ಶೌಚಗುಂಡಿ ಶುಚಿಗೊಳಿಸಲು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ ಎಂಬುದನ್ನು ಸದಸ್ಯರು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ಸಾರಬೇಕು.

ವಿದ್ಯುತ್ ಮತ್ತು ಅನಿಲದ ಬಗ್ಗೆ ಎರಡು ಮಾತು. ಲೈನ್ ಆಫ್ ಆಗಿದೆಯೆಂದು ಪವರ್‌ಮ್ಯಾನ್ ಖಚಿತಪಡಿಸುವವರೆಗೆ ತಂತಿಗಳ ಸಮೀಪ ನೀರಿನ ಧಾರೆ ಬಿಡಲಾಗದು. ಧಾರೆಯ ಮೂಲಕ ವಿದ್ಯುತ್ ಹರಿದು ಬ್ರಾಂಚ್ ಹಿಡಿದವನು ಬಲಿಯಾಗಬಹುದು. ಆ ಪವರ್‌ಮ್ಯಾನ್‌ನ ಫೋನ್ ಸಂಖ್ಯೆ ಪಂಚಾಯಿತಿಯ ಸೂಚನಾ ಫಲಕದಲ್ಲಿರಬೇಕು. ಅಡುಗೆ ಅನಿಲದ ದ್ರವ ಹೊರಬಂದು ಅನಿಲವಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಉರಿಯ ಮಧ್ಯೆ ಸಿಕ್ಕಿದ ಸಿಲಿಂಡರ್ ಸಿಡಿಯಬಲ್ಲದು. ಬೆಂಕಿ ಬಿದ್ದ ಮನೆಯಲ್ಲಿ ಎಷ್ಟು ಸಿಲಿಂಡರ್‌ಗಳಿವೆ, ಗೋದಾಮಿನಲ್ಲಿ ಡೀಸೆಲ್, ಕೀಟನಾಶಕ, ಪಟಾಕಿ ಇವೆಯೇ ಎಂಬುದನ್ನು ಬಂದ ಕೂಡಲೇ ಠಾಣಾಧಿಕಾರಿಗೆ ತಿಳಿಸುವುದು ಸದಸ್ಯರು ಮಾಡಬಹುದಾದ ಅತ್ಯಂತ ಬೆಲೆಬಾಳುವ ಸಹಾಯ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿಯಲ್ಲಿ ಹತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಗೋದಾಮುಗಳಿಗೆ ಪರವಾನಗಿ, ನಿರಾಕ್ಷೇಪಣಾ ಪತ್ರದ ಅರ್ಜಿ ಸಭೆಯ ಮುಂದೆ ಬಂದಾಗ ಈ ಘಟನೆ ನೆನಪಿನಲ್ಲಿರಬೇಕು.

ಸಿಬ್ಬಂದಿಯ ನಿತ್ಯದ ಬದುಕಿನ ಕಡೆಗೂ ಗಮನ ಹರಿಯಬೇಕು. ಹೊಗೆಯಲ್ಲಿನ ವಿಷವಸ್ತುಗಳು ಉಸಿರಿನ ಮೂಲಕ ಮಾತ್ರವಲ್ಲ, ಚರ್ಮದ ಮೂಲಕವೂ ದೇಹ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ವೃತ್ತಿಗಳ ಮೊದಲ ವರ್ಗಕ್ಕೆ ಸೇರಿಸಿತು. ಬಿಸಿಲಿನ ಏಪ್ರಿಲ್‌ನಲ್ಲಿ ದಪ್ಪ ಉಡುಪು ತೊಟ್ಟು ಉರಿಯ ಮುಂದೆ ನಿಲ್ಲುವವರಿಗೆ ದೇಹದ ತಾಪ ಏರಿ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ಬಣವೆಯ ಬೆಂಕಿಗೆಂದು ಬಂದ ತಂಡ ಐದಾರು ಗಂಟೆ ಊರಿನಲ್ಲೇ ಇರಬೇಕಾಗುವುದುಂಟು; ಆ ಹೊತ್ತಿಗೆ ಅವರಿಗೆ ಕುಡಿಯುವ ನೀರು, ಮಜ್ಜಿಗೆ, ಮುಖ ಕೈ ತೊಳೆಯಲು ಸೋಪು, ಕೂರಲು ನೆರಳು ಒದಗಿಸಲು ಯಾವ ಅನುದಾನವೂ ಬೇಕಿಲ್ಲ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯ ಬೇಲ್‌ಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು, ಬೆಂಕಿಯೊಡನೆ ಹೋರಾಡುತ್ತಿದ್ದ 66 ಅಗ್ನಿಶಾಮಕರು ಮಡಿದ ದಿನ ಅದು. ಸಪ್ತಾಹದಲ್ಲಿ ಠಾಣೆಯ ಸಿಬ್ಬಂದಿ ಶಾಲೆಗಳಲ್ಲಿ ಪ್ರಾತ್ಯಕ್ಷಿಕೆ ನೀಡುತ್ತಾರೆ. ಆದರೆ ಏಪ್ರಿಲ್‌ಗೆ ಕಾಯದೆ, ಸುಗ್ಗಿಗೆ ಮುಂಚೆಯೇ ಠಾಣಾಧಿಕಾರಿಗೆ ಪತ್ರ ಬರೆದು ವಾಹನವನ್ನು ಒಮ್ಮೆ ಊರಿಗೆ ಕರೆಸಿಕೊಳ್ಳುವುದು ಹೆಚ್ಚು ಪ್ರಯೋಜನಕರ. ಅದನ್ನು ಊರಿನ ಅತ್ಯಂತ ಇಕ್ಕಟ್ಟಾದ ಕೇರಿಯ ತುದಿಯವರೆಗೆ ಓಡಿಸಿ ನೋಡಬೇಕು. ಎಲ್ಲಿ ಸಿಲುಕುತ್ತದೆಯೋ ಆ ಜಾಗವನ್ನು ಕ್ರಿಯಾಯೋಜನೆಯಲ್ಲಿ ಬರೆದುಕೊಳ್ಳಬೇಕು. ಹೊಸ ಹೊರಹರಿವಿಗೆ ಹೋಸ್ ಜೋಡಿಸಿ, ತೊಟ್ಟಿ ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಗುರುತು ಹಾಕಬೇಕು. ವಾಲ್ವ್‌ನ ಕೀಲಿ ನೀರುಗಂಟಿಯ ಬಳಿ ಒಂದು, ಅವರ ಮನೆಗೆ ಹತ್ತಿರದ ಸದಸ್ಯರ ಬಳಿ ಇನ್ನೊಂದು ಇರಲಿ. ತಿಂಗಳಿಗೊಮ್ಮೆ ವಾಲ್ವ್ ತಿರುಗಿಸಿ ಗ್ರೀಸ್ ಹಾಕದಿದ್ದರೆ ತುಕ್ಕು ಹಿಡಿದು, ಬೇಕಾದ ರಾತ್ರಿ ಅದು ಅಲುಗುವುದಿಲ್ಲ.