ನೀರಿನ ಭಾರ ಕಣ್ಣಿಗೆ ಕಾಣಬೇಕು

ಮೀಟರ್ ಗೇಜ್ ಕಾಲದ ಪುಟ್ಟ ಸ್ಟೇಷನ್ನಿನ ಮಾಡೆಲ್ ಹಾಕಿ ಕೂತಿದ್ದೀಯ, ಈಗ ವಾಟರ್ ಟ್ಯಾಂಕಿನ ಸರದಿ ಅಂದೆಯಲ್ಲ, ಬಹಳ ಸಂತೋಷ ಮಗು. ಉಗಿ ಎಂಜಿನ್ನಿನ ಸ್ಟೇಷನ್ನಿಗೆ ಟ್ಯಾಂಕು ಅಲಂಕಾರವಲ್ಲ. ನೀರಿಲ್ಲದೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ನೋಡಿದವರಿಗೆ ‘ಇದರೊಳಗೆ ನೀರಿದೆ’ ಅನ್ನಿಸಿದರೆ ನಿನ್ನ ಕೆಲಸ ಗೆದ್ದಂತೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

• ಕಿಟ್ಟಿನ ಆಸೆ ಬಿಡು. ಅಂಗಡಿಯಲ್ಲಿ ಸಿಗುವುದರಲ್ಲಿ ಬಹುಪಾಲು ಅಮೆರಿಕದ ಮರದ ತೊಟ್ಟಿ: ದುಂಡನೆಯ ಪೀಪಾಯಿ, ಸುತ್ತ ಕಬ್ಬಿಣದ ಪಟ್ಟಿ, ತಲೆಯ ಮೇಲೆ ಚೂಪು ಸೂರು. ಅದು ಹಳಿಯ ಪಕ್ಕದಲ್ಲೇ ನಿಂತು ಎಂಜಿನ್ನಿಗೆ ನೇರವಾಗಿ ನೀರು ಸುರಿಯುತ್ತದೆ. ಅಲ್ಲಿಗೆ ಅದು ಚೆನ್ನ. ನಮ್ಮ ಕಡೆ ಟ್ಯಾಂಕು ಸಾಮಾನ್ಯವಾಗಿ ಹಳಿಯಿಂದ ದೂರ, ಬಾವಿಗೋ ಪಂಪ್‌ಹೌಸಿಗೋ ಹತ್ತಿರ. ನೀರು ನೆಲದಡಿಯ ಪೈಪಿನಲ್ಲಿ ಹರಿದು ಪ್ಲಾಟ್‌ಫಾರಂ ತುದಿಯ ವಾಟರ್ ಕಾಲಮ್ಮಿಗೆ, ಅಂದರೆ ಎಂಜಿನ್ನಿಗೆ ನೀರು ಸುರಿಯುವ ತೋಳಿನ ಕಂಬಕ್ಕೆ, ಬರುತ್ತಿತ್ತು. ಹಾಗಾಗಿ ನೀನು ಟ್ಯಾಂಕನ್ನೂ ಕಟ್ಟಬೇಕು, ಕಾಲಮ್ಮನ್ನೂ ಕಟ್ಟಬೇಕು.

• ಕತ್ತರಿ ಹಿಡಿಯುವ ಮುಂಚೆ ಹೋಗಿ ನೋಡು. ಮೆಟ್ಟುಪಾಳ್ಯಂನಿಂದ ಕೂನೂರಿನ ಘಾಟಿ ಹತ್ತುವ ಉಗಿ ಎಂಜಿನ್ನು ಹಿಲ್‌ಗ್ರೋವ್‌ನಲ್ಲಿ ಇಂದಿಗೂ ನಿಂತು ನೀರು ಕುಡಿಯುತ್ತದೆ. ಅದೂ ಮೀಟರ್ ಗೇಜೇ. ಎಂಜಿನ್ನಿನ ಎತ್ತರ, ಅದರ ಹಿಂದಿನ ನೀರುಬಂಡಿಯಾದ ಟೆಂಡರಿನ ಬಾಯಿ ನೋಡಲು ಮೈಸೂರಿನ ರೈಲು ವಸ್ತುಸಂಗ್ರಹಾಲಯ ಸಾಕು. ಹಳೆಯ ಟ್ಯಾಂಕುಗಳು ಕೆಲವು ಸ್ಟೇಷನ್ನುಗಳಲ್ಲಿ ಇನ್ನೂ ನಿಂತಿವೆ. ಸ್ಟೇಷನ್ ಮಾಸ್ಟರನ್ನು ಕೇಳಿಯೇ ಫೋಟೊ ತೆಗಿ.

• ಅಳತೆ ತಿಳಿಯಲು ಏಣಿ ಹತ್ತಬೇಕಿಲ್ಲ. ನಮ್ಮ ರೈಲ್ವೆಯಲ್ಲಿ ಕಾಣುವ ಚೌಕಾಕಾರದ ಉಕ್ಕಿನ ಟ್ಯಾಂಕು ಬ್ರೇಯ್ತ್‌ವೇಟ್ ಮಾದರಿಯದು. ಅದರ ಒಂದೊಂದು ತಟ್ಟೆಯೂ 4 ಅಡಿ ಚೌಕ. ಕೆಳಗೆ ನಿಂತು ತಟ್ಟೆ ಎಣಿಸಿದರೆ ಲೆಕ್ಕ ಸಿಕ್ಕಿತು. ನಿನ್ನ ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ಒಂದು ತಟ್ಟೆ 14 ಮಿ.ಮೀ. ಅಗಲಕ್ಕೆ ಮೂರು, ಉದ್ದಕ್ಕೆ ಮೂರು, ಎತ್ತರಕ್ಕೆ ಎರಡು ಇಟ್ಟರೆ 42×42×28 ಮಿ.ಮೀ. ಸಣ್ಣ ಸ್ಟೇಷನ್ನಿಗೆ ಅಷ್ಟು ಸಾಕು. ನಿಜದಲ್ಲಿ ಅದು 32,000 ಲೀಟರಿಗೂ ಮಿಗಿಲು ನೀರು, 32 ಟನ್ ಭಾರ. ಈ 32 ಟನ್ ಕೊನೆಯವರೆಗೂ ತಲೆಯಲ್ಲಿರಲಿ.

• ತಟ್ಟೆಯ ಕೆಲಸಕ್ಕೆ ಅವಸರ ಬೇಡ, ಇಡೀ ಟ್ಯಾಂಕಿನ ಜೀವ ಇರುವುದೇ ಅಲ್ಲಿ. ಒಂದು ಮಿಲಿಮೀಟರ್ ದಪ್ಪದ ರಟ್ಟಿನಲ್ಲಿ 14 ಮಿ.ಮೀ. ಚೌಕ ಕತ್ತರಿಸು. ಸುತ್ತ ಅಂಚು ಬಿಟ್ಟು, ಮೂಲೆಯಿಂದ ಮೂಲೆಗೆ ಎರಡು ಗೀರು ಕೊರೆ. ಸೂಪರ್ ಗ್ಲೂ ಹೀರಿಸಿ ಒಣಗಿಸಿದರೆ ಗಟ್ಟಿ ಅಚ್ಚಾಗುತ್ತದೆ. ಹೋಟೆಲ್ ಪಾರ್ಸಲ್ಲಿನ ಅಲ್ಯುಮಿನಿಯಂ ಡಬ್ಬಿಯ ತಳವನ್ನು ಕತ್ತರಿಸಿ ಅದರ ಮೇಲಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನಿಂದ ಉಜ್ಜು. ಮೊದಲು ಎರಡು ಗೀರಿನ ಮೇಲೆ ಎಳೆದು ಹಾಳೆ ಕೂರಿಸಿಕೊ, ಆಮೇಲೆ ಅಂಚಿನ ಕಡೆಗೆ ಸರಿ. ಕೂಲ್‌ಡ್ರಿಂಕ್ ಡಬ್ಬಿಯ ತಗಡು ಬೇಡ. ಒತ್ತಿದಷ್ಟೂ ಪುಟಿದೇಳುತ್ತದೆ, ಬೆರಳೂ ಕುಯ್ಯುತ್ತದೆ. ನಾಲ್ಕು ಗೋಡೆಗೆ 24 ತಟ್ಟೆ ಬೇಕು. ಹತ್ತು ಹೆಚ್ಚು ಮಾಡಿ ಚೆನ್ನಾಗಿರುವುದನ್ನು ಆರಿಸು. ಒಳಗೆ ಪ್ಲಾಸ್ಟಿಕ್ ಶೀಟಿನ ಪೆಟ್ಟಿಗೆ ಕಟ್ಟಿ ಅದರ ಮೇಲೆ ಅಂಟಿಸು. ತಟ್ಟೆಗಳ ನಡುವಿನ ಜೋಡಣೆಯಂಚಿಗೆ ಸಪೂರ ಪಟ್ಟಿ ನಿಲ್ಲಿಸು.

• ತಟ್ಟೆ ಜೋಡಿಸುವ ಬೋಲ್ಟು ಕೂರಿಸಲು ಹೋಗಬೇಡ. ಈ ಅಳತೆಯಲ್ಲಿ ಅದು ಸಾಸಿವೆಗಿಂತಲೂ ಎಷ್ಟೋ ಸಣ್ಣದು. ದಪ್ಪ ಚುಕ್ಕೆ ಇಟ್ಟರೆ ಟ್ಯಾಂಕು ಆಟಿಕೆಯಾಗುತ್ತದೆ.

• ಟ್ಯಾಂಕಿನ ಕಾಲು ಎಲ್ಲಿ ನಿಂತಿದೆ ಎಂಬುದು ಕಾಣಲಿ. ಹುಲ್ಲಿನ ಪುಡಿಯೊಳಗೆ ಕಾಲು ಮಾಯವಾದರೆ 32 ಟನ್ ಹೊತ್ತ ಹಾಗೆ ಕಾಣುವುದಿಲ್ಲ. ಪ್ರತಿ ಕಾಲಿಗೂ ಅಡಿತಟ್ಟೆ, ಅದರ ಕೆಳಗೆ ಕಾಂಕ್ರೀಟಿನ ಗಟ್ಟಿ ಕಟ್ಟೆ. ಟ್ಯಾಂಕನ್ನು ನೇರವಾಗಿ ಕಾಲಿನ ಮೇಲೆ ಕೂರಿಸಬೇಡ. ಮೊದಲು ದಪ್ಪ ತೊಲೆ, ಅದರ ಮೇಲೆ ಅಡ್ಡ ತೊಲೆಗಳ ಸಾಲು, ಆಮೇಲೆ ಟ್ಯಾಂಕು. ಅಡ್ಡಕಂಬಿಗೆ ಸಪೂರ ತಂತಿ ಬಿಗಿಯಾಗಿ ಕಟ್ಟು. ಉಕ್ಕಿನ ಕಾಲು ಬೇಡವಾದರೆ ಕೆತ್ತಿದ ಕಲ್ಲಿನ ಕೋಣೆಯ ಮೇಲೆ ಟ್ಯಾಂಕು ಇಡು. ನನಗಂತೂ ಕಲ್ಲಿನದೇ ಹೆಚ್ಚು ಇಷ್ಟ.

• ಪೈಪು ಮೂರು: ನೀರು ಏರುವುದು, ಇಳಿಯುವುದು, ತುಂಬಿ ಚೆಲ್ಲುವುದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಹೊರಗೋಡೆಗೆ ನೀರಿನ ಮಟ್ಟ ತೋರಿಸುವ ಹಲಗೆ ಹಾಕಿದರೆ ಇನ್ನೂ ಚೆಂದ. ಒಳಗಿನ ತೇಲುಬುರುಡೆಗೆ ಕಟ್ಟಿದ ತಂತಿ ರಾಟೆಯ ಮೇಲೆ ಹಾದು ಹೊರಗಿನ ಮುಳ್ಳನ್ನು ಎಳೆಯುತ್ತದೆ. ನೀರು ಏರಿದಂತೆ ಮುಳ್ಳು ಇಳಿಯುವುದರಿಂದ ಅಂಕಿಗಳು ತಲೆಕೆಳಗಾದ ಕ್ರಮದಲ್ಲಿರುತ್ತವೆ: ತುಂಬಿದ ಗುರುತು ಕೆಳತುದಿಯಲ್ಲಿ. ತಿಳಿದವರು ಮೊದಲು ನೋಡುವುದು ಇದನ್ನೇ.

• ತುಕ್ಕನ್ನು ಮೈಗೆಲ್ಲ ಬಳಿಯಬೇಡ. ನೀರು ಎಲ್ಲಿ ಸೋರುತ್ತದೆ ಎಂದು ಯೋಚಿಸು. ಒತ್ತಡ ಹೆಚ್ಚಿರುವುದು ಕೆಳಸಾಲಿನಲ್ಲಿ, ಸೋರಿಕೆಯೂ ಅಲ್ಲಿನ ಜೋಡಣೆಯಂಚಿನಲ್ಲೇ ಹೆಚ್ಚು. ಮೊದಲು ರೆಡ್ ಆಕ್ಸೈಡ್, ಅದರ ಮೇಲೆ ಮಾಸಿದ ಬೂದುಬಣ್ಣ. ಒಣಗಿದ ಮೇಲೆ ಆ ಅಂಚುಗಳಿಂದ ಸಣ್ಣ ಕುಂಚದಲ್ಲಿ ಕಂದು ಗೆರೆ ನೇರ ಕೆಳಕ್ಕೆ ಎಳೆ. ಗಡಸು ನೀರಿನ ಊರಾದರೆ ಗೆರೆಯ ಪಕ್ಕ ಸುಣ್ಣದ ಬಿಳಿ ಕಲೆ. ಚೆಲ್ಲುವ ಪೈಪಿನ ಕೆಳಗೆ ಪಾಚಿಯ ಹಸಿರು, ನೆಲದಲ್ಲಿ ಒದ್ದೆ ಮಣ್ಣು. ಕೊನೆಗೆ ಹೊಳಪಿಲ್ಲದ ವಾರ್ನಿಷ್.

• ವಾಟರ್ ಕಾಲಮ್ಮಿನ ಜಾಗವನ್ನು ಅಂದಾಜಿನಲ್ಲಿ ಗುರುತು ಮಾಡಬೇಡ. ನಿನ್ನ ಗಾಡಿಯನ್ನು ಪ್ಲಾಟ್‌ಫಾರಂಗೆ ತಂದು ನಿಲ್ಲಿಸು, ಟೆಂಡರಿನ ನೀರಿನ ಬಾಯಿ ಎಲ್ಲಿ ಬಂತೋ ಅಲ್ಲಿ ಕಾಲಮ್ಮು. ಕೆಲಸವಿಲ್ಲದಾಗ ಅದರ ತೋಳು ಹಳಿಗೆ ಸಮಾನಾಂತರವಾಗಿ ತಿರುಗಿರಬೇಕು, ಇಲ್ಲದಿದ್ದರೆ ಬರುವ ಗಾಡಿಗೆ ಬಡಿಯುತ್ತದೆ. ಬುಡದಲ್ಲಿ ನೀರು ಹೋಗಲು ಮೋರಿ, ಸುತ್ತಲಿನ ಜಲ್ಲಿ ಉಳಿದದ್ದಕ್ಕಿಂತ ಕಪ್ಪು.

• ನಿನ್ನ ಸ್ಟೇಷನ್ನಿನಲ್ಲಿ ಡೀಸೆಲ್ ಬಂದಾಗಿದ್ದರೆ ಟ್ಯಾಂಕು ತೆಗೆಯಬೇಡ. ಅದು ಪ್ಲಾಟ್‌ಫಾರಂ ನಲ್ಲಿಗೂ ಕ್ವಾರ್ಟರ್ಸಿಗೂ ನೀರು ಕೊಡುತ್ತಾ ನಿಂತಿರಲಿ. ಕಾಲಮ್ಮಿಗೆ ಮಾತ್ರ ತುಕ್ಕು ಹಿಡಿಸಿ, ತೋಳನ್ನು ತಂತಿಯಿಂದ ಕಟ್ಟಿಬಿಡು.

• ಟ್ಯಾಂಕನ್ನು ಬೋರ್ಡಿಗೆ ಅಂಟಿಸಬೇಡ. ಕಟ್ಟೆಯ ಅಡಿಯಿಂದ ಎರಡು ಸ್ಕ್ರೂ ಹಾಕಿ ಬಿಗಿ ಮಾಡು. ಹಳಿ ಒರೆಸುವಾಗ, ಮನೆ ಬದಲಿಸುವಾಗ ಬಿಚ್ಚಿಟ್ಟುಕೊಳ್ಳಬಹುದು. ಮುಚ್ಚಳವನ್ನೂ ಸಡಿಲವಾಗಿಯೇ ಬಿಡು, ತಟ್ಟೆ ಕಳಚಿದರೆ ಒಳಗಿನಿಂದ ಮತ್ತೆ ಅಂಟಿಸಲು ಬೆರಳು ಹೋಗಬೇಕು.