ಬಸುರಿನಲ್ಲಿ ನೀರುಗುಳ್ಳೆ

ಬಸುರಿ ಹೆಂಗಸಿಗೆ ಮೊದಲ ಸ್ಕ್ಯಾನಿಂಗ್ ಆಯಿತು. "ಅಂಡಾಶಯದಲ್ಲಿ ನೀರುಗುಳ್ಳೆ ಇದೆ" ಅಂದರು ಡಾಕ್ಟರು. ಮನೆಯವರಿಗೆಲ್ಲ ಗಾಬರಿ. "ಗಡ್ಡೆಯಂತೆ, ಕೂಸು ಉಳಿಯೋದಿಲ್ಲವಂತೆ, ತೆಗೆಸಿಬಿಡಿ" ಅಂತ ಓಣಿಯ ತುಂಬ ಮಾತು. ಇದು ನಿಜವೇ? ಬನ್ನಿ, ತಿಳಿಯೋಣ.

ನಮ್ಮ ಕಿಬ್ಬೊಟ್ಟೆಯಲ್ಲಿ ಗರ್ಭಕೋಶ ಇದೆ. ಅದರ ಎಡಕ್ಕೊಂದು, ಬಲಕ್ಕೊಂದು ಅಂಡಾಶಯ. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಅಲ್ಲಿಂದ ಹೊರಗೆ ಬರುತ್ತದೆ. ಅಂಡ ಇದ್ದ ಜಾಗದಲ್ಲಿ ಸಣ್ಣ ಗ್ರಂಥಿ ಆಗುತ್ತದೆ. ಬಸುರು ನಿಂತರೆ ಈ ಗ್ರಂಥಿಗೆ ದೊಡ್ಡ ಕೆಲಸ. ಗರ್ಭ ಉಳಿಯಲು ಬೇಕಾದ ರಸವನ್ನು ಅದು ಕೊಡುತ್ತದೆ. ಸುಮಾರು ಮೂರು ತಿಂಗಳ ಹೊತ್ತಿಗೆ ಮಾಸು ಬೆಳೆದು ಆ ಕೆಲಸ ವಹಿಸಿಕೊಳ್ಳುತ್ತದೆ.

ಕೆಲವರಲ್ಲಿ ಈ ಗ್ರಂಥಿಯೊಳಗೆ ನೀರು ತುಂಬಿ ಗುಳ್ಳೆಯಾಗುತ್ತದೆ. ಮೊದಲ ತಿಂಗಳುಗಳಲ್ಲಿ ಕಾಣುವ ಗುಳ್ಳೆ ಹೆಚ್ಚಾಗಿ ಇದೇ. ಇದು ಕೂಸಿನ ಶತ್ರು ಅಲ್ಲ. ಸಾಮಾನ್ಯವಾಗಿ 14ರಿಂದ 16 ವಾರದೊಳಗೆ ತಾನಾಗಿಯೇ ಕರಗುತ್ತದೆ. ಗುಳ್ಳೆ ಇದೆ ಅಂದ ಮಾತ್ರಕ್ಕೆ ಬಸುರು ತೆಗೆಸಬೇಕಾಗಿಲ್ಲ.

ಹಾಗಂತ ಮರೆತು ಕೂರಬಾರದು. ಕೆಲವು ಗುಳ್ಳೆ ಕರಗುವುದಿಲ್ಲ. ಕೆಲವು ದೊಡ್ಡದಾಗುತ್ತವೆ. ಅದಕ್ಕೇ ಡಾಕ್ಟರು ಮತ್ತೆ ಸ್ಕ್ಯಾನಿಂಗಿಗೆ ಬರಹೇಳುತ್ತಾರೆ. ಆ ತಾರೀಕನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳೋಣ. ಈಗ ನಮಗೆ ಓದಲು ಬರುತ್ತದಲ್ಲ! ನಾವೇ ಓದಿ, ಆ ದಿನ ತಪ್ಪದೆ ಹೋಗೋಣ. ಆಪರೇಷನ್ ಬೇಕಾದರೂ, ತುರ್ತು ಇಲ್ಲದಿದ್ದರೆ ಮೂರು ತಿಂಗಳು ಕಳೆದ ಮೇಲೆ ಮಾಡುತ್ತಾರೆ. ಗುಳ್ಳೆ ಕರಗಲೆಂದು ಹೊಟ್ಟೆ ನೀವಿಸುವುದು, ಕಂಡವರು ಹೇಳಿದ ಔಷಧಿ ಕುಡಿಯುವುದು ಬೇಡ.

ಅಪರೂಪಕ್ಕೆ ಗುಳ್ಳೆ ಒಡೆಯಬಹುದು. ಇಲ್ಲವೇ ಗುಳ್ಳೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡು, ಅದಕ್ಕೆ ರಕ್ತ ಹರಿಯುವುದು ನಿಲ್ಲಬಹುದು. ಈ ಗುರುತುಗಳನ್ನು ನೆನಪಿಡಿ:

• ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಒಂದೇ ಕಡೆ, ಇದ್ದಕ್ಕಿದ್ದಂತೆ ಜೋರು ನೋವು
• ನೋವಿನ ಜೊತೆ ವಾಂತಿ ಅಥವಾ ಜ್ವರ
• ತಲೆಸುತ್ತು, ಕಣ್ಣು ಕತ್ತಲೆ
• ರಕ್ತ ಹೋಗುವುದು

ಇವುಗಳಲ್ಲಿ ಒಂದು ಕಂಡರೂ "ಬೆಳಗಾಗಲಿ, ನೋಡೋಣ" ಅನ್ನಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ದುಡ್ಡಿಗೆ ಏನು ಮಾಡೋದು ಅಂತೀರಾ? ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಶುರುವಾಯಿತು. ಇದರಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಪರೀಕ್ಷೆ, ಔಷಧಿ ಉಚಿತ. ಇದು ದಾನವಲ್ಲ, ನಮ್ಮ ಹಕ್ಕು. ಆಶಾ ಕಾರ್ಯಕರ್ತೆಯನ್ನು ಕೇಳೋಣ.

ಹೇಳಿ ನೋಡೋಣ:
1. ಮೊದಲ ತಿಂಗಳುಗಳ ಗುಳ್ಳೆ ಸಾಮಾನ್ಯವಾಗಿ ಯಾವಾಗ ಕರಗುತ್ತದೆ?
2. ಯಾವ ಗುರುತು ಕಂಡರೆ ತಡಮಾಡಬಾರದು?
3. ನಿಮ್ಮ ಓಣಿಯ ಬಸುರಿಯರಲ್ಲಿ ಯಾರಿಗೆ ಈ ಪಾಠ ಓದಿ ಹೇಳುತ್ತೀರಿ?