ಬೇಸಿಗೆ ಕೆರೆಯಂಚಿನ ಏರೋಪ್ಲೇನ್ ಚಿಟ್ಟೆಗಳು

ಏರೋಪ್ಲೇನ್ ಚಿಟ್ಟೆಗಳ ಜಾತಿಗಳು ಮಳೆಗಾಲ ಮುಗಿಯುತ್ತಿದ್ದಂತೆ ಹೆಚ್ಚು ಕಾಣುತ್ತವೆ. ಆದರೆ ಹೊಸದಾಗಿ ನೋಡಲು ಹೊರಡುವವರಿಗೆ ಬೇಸಿಗೆಯೇ ಸುಲಭ. ಏಪ್ರಿಲ್ ಹೊತ್ತಿಗೆ ನೆಲಮಂಗಲ ಸುತ್ತಿನ ಕೆರೆಗಳ ನೀರು ತೂಬಿನ ಹತ್ತಿರದ ಆಳಕ್ಕೆ ಸರಿದಿರುತ್ತದೆ. ಅಂಗಳದ ತುಂಬ ಚದುರಿದ್ದ ಕೀಟಗಳು ಉಳಿದ ನೀರಂಚಿಗೇ ಬಂದು ಸೇರುತ್ತವೆ.

ಹೆಸರಿನಲ್ಲಿ ಚಿಟ್ಟೆ ಇದ್ದರೂ ಇವು ಓಡೊನೇಟ ಎಂಬ ಬೇರೆಯೇ ಗಣಕ್ಕೆ ಸೇರಿದವು. ಇವುಗಳಲ್ಲಿ ಎರಡು ಬಗೆ. ಕುಳಿತಾಗ ರೆಕ್ಕೆಗಳನ್ನು ಎರಡೂ ಬದಿಗೆ ಚಾಚಿಕೊಂಡರೆ ಅದು ಡ್ರ್ಯಾಗನ್‌ಫ್ಲೈ. ಮೈ ಸೂಜಿಯಂತೆ ಸಣ್ಣಗಿದ್ದು, ಕಣ್ಣುಗಳು ಒಂದಕ್ಕೊಂದು ದೂರವಿದ್ದು, ರೆಕ್ಕೆ ಬೆನ್ನ ಮೇಲೆ ಮಡಚಿದ್ದರೆ ಡ್ಯಾಮ್ಸೆಲ್‌ಫ್ಲೈ. ಲೆಸ್ಟಿಸ್ ಕುಲದ ಡ್ಯಾಮ್ಸೆಲ್‌ಫ್ಲೈಗಳು ರೆಕ್ಕೆಯನ್ನು ಅರೆತೆರೆದು ಕೂರುವುದರಿಂದ ಮೊದಮೊದಲು ಗೊಂದಲವಾಗಬಹುದು.

ಕೆರೆ ಏರಿಯ ಮೇಲೆ ನಡೆದರೆ ಹೆಚ್ಚೇನೂ ಸಿಗದು. ಆಪು, ಜೊಂಡು ಬೆಳೆದ ನೀರಂಚು, ಕೋಡಿಯ ಕೆಳಗಿನ ಜೌಗು, ಗೋಕಟ್ಟೆ, ತೋಟದ ಕೃಷಿಹೊಂಡಗಳನ್ನು ಹುಡುಕಬೇಕು. ನೀರಿರುವ ವರ್ಷ ಪಕ್ಕದ ಹೆಸರಘಟ್ಟ ಕೆರೆಯಂಚೂ ಒಳ್ಳೆಯ ಜಾಗ; ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಅದನ್ನು ಕಟ್ಟಲಾಯಿತು. ಜೊಂಡು ಕಿತ್ತು, ದಡಕ್ಕೆ ಸುತ್ತಲೂ ಕಲ್ಲು ಹೊದಿಸಿದ ಕೆರೆ ಕಣ್ಣಿಗೆ ಅಚ್ಚುಕಟ್ಟಾಗಿದ್ದರೂ ಈ ಕೀಟಗಳಿಗೆ ಬಡ ಜಾಗ. ಕೊಳಚೆ ನೀರನ್ನೂ ತಾಳಿಕೊಳ್ಳುವ, ರೆಕ್ಕೆಯಲ್ಲಿ ಕಿತ್ತಳೆ ಪಟ್ಟಿಯಿರುವ ಡಿಚ್ ಜ್ಯುವೆಲ್ ಮಾತ್ರ ಅಂಥಲ್ಲೂ ಕಾಣುತ್ತದೆ. ಜೊಂಡು ಉಳಿದ ಕಡೆ ಕಡುಗೆಂಪಿನ ಸ್ಕಾರ್ಲೆಟ್ ಸ್ಕಿಮ್ಮರ್, ತನ್ನ ಬಳಗದವನ್ನೇ ಹಿಡಿದು ತಿನ್ನುವ ಹಸಿರು ಮಾರ್ಷ್ ಹಾಕ್, ಹಳದಿ ಮೈಯ ಕೋರಮಂಡಲ್ ಮಾರ್ಷ್ ಡಾರ್ಟ್ ಸಿಗುತ್ತವೆ. ಕುಮುದ್ವತಿ ಹುಟ್ಟುವ ಶಿವಗಂಗೆಯಂಥ ಕಲ್ಲುಬೆಟ್ಟದ ಕಡೆ ಗ್ರಾನೈಟ್ ಘೋಸ್ಟ್ ಹುಡುಕಬೇಕು. ಬಂಡೆಯದೇ ಬೂದು ಕಪ್ಪು ಚುಕ್ಕೆಗಳ ಮೈ ಹೊತ್ತು ಬಂಡೆಗೆ ಅಪ್ಪಿಕೊಂಡಿರುತ್ತದೆ. ಎದ್ದು ಹಾರಿದ ಮೇಲೇ ಅದು ಅಲ್ಲಿತ್ತೆಂದು ಗೊತ್ತಾಗುವುದು. ಬಂಡೆಯ ದೊಣೆಯಲ್ಲೂ ಮನೆಯ ಸಿಮೆಂಟ್ ತೊಟ್ಟಿಯಲ್ಲೂ ಅದು ಮರಿ ಮಾಡುತ್ತದೆ.

ಬೆಳಿಗ್ಗೆ ಏಳಕ್ಕೆಲ್ಲ ನೀರಂಚಿನಲ್ಲಿರುವುದು ಒಳ್ಳೆಯದು. ಮೈ ಇನ್ನೂ ಬೆಚ್ಚಗಾಗಿರದ ಕೀಟ ಬೇಗ ಏಳುವುದಿಲ್ಲ. ಆಗಲೇ ಆಪಿನ ಕಡ್ಡಿಗಳನ್ನೂ ನೋಡಬೇಕು. ನೀರಿನಿಂದ ಗೇಣುದ್ದ ಮೇಲೆ ಕಂದು ಪೊರೆಯೊಂದು ಅಂಟಿಕೊಂಡಿರಬಹುದು: ಬೆನ್ನು ಸೀಳಿರುತ್ತದೆ, ಸೀಳಿನಲ್ಲಿ ಬಿಳಿ ದಾರದಂಥ ಎಳೆಗಳು ನೇತಾಡುತ್ತವೆ. ಅವು ಮರಿಯ ಉಸಿರುನಾಳದ ಒಳಪದರ. ನೀರಿನಲ್ಲಿ ಸೊಳ್ಳೆಮರಿ ತಿಂದು ಬೆಳೆದ ಮರಿ ಅಲ್ಲೇ ಪೊರೆ ಕಳಚಿ ರೆಕ್ಕೆ ಪಡೆದಿದೆ. ಪಕ್ಕದಲ್ಲೇ ಮಂಕು ಬಣ್ಣದ, ರೆಕ್ಕೆ ಮಿರಮಿರ ಮಿಂಚುವ ಎಳೆ ಕೀಟ ಕುಳಿತಿದ್ದರೆ ಅದನ್ನು ಮುಟ್ಟಬಾರದು. ಆ ರೆಕ್ಕೆ ಒಮ್ಮೆ ಸೊಟ್ಟಗಾದರೆ ಮತ್ತೆ ನೆಟ್ಟಗಾಗದು.

ಬಿಸಿಲೇರಿದ ಮೇಲೆ ಬೆನ್ನಟ್ಟಿ ಓಡುವುದು ದಂಡ. ಗಂಡು ಕೀಟ ತನ್ನ ಗಡಿ ಕಾಯುತ್ತ ಹಾರಿ, ಸಾಮಾನ್ಯವಾಗಿ ಅದೇ ಕಡ್ಡಿಯ ತುದಿಗೆ ಮರಳುತ್ತದೆ. ಹಾರಿಹೋದಾಗ ಎರಡು ಹೆಜ್ಜೆ ಮುಂದಿಟ್ಟು ಮಂಡಿಯೂರಿ ಕಾಯಬೇಕು. ಮಾಸಲು ಬಣ್ಣದ ಬಟ್ಟೆ ತೊಟ್ಟು, ನೆರಳು ಕೀಟದ ಮೇಲೆ ಬೀಳದ ದಿಕ್ಕಿನಿಂದ ಹೋಗಬೇಕು. ಬತ್ತಿದ ಕೆರೆಯ ಹೂಳು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಮಣ್ಣು ತೆಗೆದ ಗುಂಡಿಗಳೂ, ಜೊಂಡಿನಲ್ಲಿ ಹಾವೂ ಇರಬಹುದು. ಒಬ್ಬರೇ ಇಳಿಯಬಾರದು.

ಕ್ಯಾಮೆರಾಕ್ಕೆ 100 ಎಂಎಂ ಮ್ಯಾಕ್ರೋ ಅಥವಾ 300 ಎಂಎಂ ಲೆನ್ಸ್ ಹೊಂದುತ್ತದೆ. ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕಡಿಮೆಯಾಗದಿರಲಿ, ಅಪರ್ಚರ್ ಎಫ್ 8ರ ಆಸುಪಾಸಿನಲ್ಲಿರಲಿ. ಕ್ಯಾಮೆರಾವನ್ನು ಕೀಟದ ಮೈಗೆ ಸಮಾನಾಂತರವಾಗಿ ಹಿಡಿದರೆ ಕಣ್ಣಿನಿಂದ ಬಾಲದ ತುದಿವರೆಗೆ ಸ್ಪಷ್ಟವಾಗಿ ಬರುತ್ತದೆ. ಹಾರುವಾಗಿನ ಒಂದು ಚೆಂದದ ಚಿತ್ರಕ್ಕಿಂತ ಜಾತಿ ಗುರುತಿಗೆ ನೆರವಾಗುವ ಮೂರು ಸಾದಾ ಚಿತ್ರಗಳು ಮೇಲು: ಮೇಲಿನಿಂದ ಒಂದು, ಎದೆಯ ಪಟ್ಟೆ ಕಾಣುವಂತೆ ಬದಿಯಿಂದ ಒಂದು, ಬಾಲದ ತುದಿಯ ಕೊಂಡಿಗಳದು ಒಂದು. ಮೊಬೈಲಿನಲ್ಲೂ ಇವು ಸಿಗುತ್ತವೆ, ಬೆಳಗಿನ ತಂಪಿನಲ್ಲಿ ಹತ್ತಿರ ಹೋಗುವ ತಾಳ್ಮೆ ಇದ್ದರೆ.

ನಡುಹಗಲ ಉರಿಯಲ್ಲಿ ಕೆಲವು ಜಾತಿಗಳು ಬಾಲವನ್ನು ನೇರ ಸೂರ್ಯನತ್ತ ಎತ್ತಿ ನಿಲ್ಲುತ್ತವೆ. ಹಾಗೆ ನಿಂತಾಗ ಮೈಗೆ ಬೀಳುವ ಬಿಸಿಲು ಕಡಿಮೆ. ಮುಂಗಾರು ಹತ್ತಿರವಾದಂತೆ ಬಯಲಿನಲ್ಲಿ ಕೂರದೆ ಗುಂಪಾಗಿ ಸುತ್ತುವ ಹಳದಿ ಕೀಟ ವಾಂಡರಿಂಗ್ ಗ್ಲೈಡರ್. ಇದು ಭಾರತದಿಂದ ಮಾಲ್ಡೀವ್ಸ್ ಮೂಲಕ ಸಾಗರ ದಾಟಿ ಪೂರ್ವ ಆಫ್ರಿಕಾ ಸೇರುತ್ತದೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು.

ಗುರುತಿಸಲು ಕೆ.ಎ. ಸುಬ್ರಮಣಿಯನ್ ಅವರ ದಕ್ಷಿಣ ಭಾರತದ ಕೈಪಿಡಿ ಸಾಕಷ್ಟು ನೆರವಾಗುತ್ತದೆ. ಚಿತ್ರದ ಜೊತೆ ತಾರೀಖು, ಕೆರೆಯ ಹೆಸರು, ಹೊತ್ತು, ಕುಳಿತಿದ್ದ ಗಿಡ ಬರೆದಿಟ್ಟು ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಸೇರಿಸಬಹುದು. ಹೆಣ್ಣು ಬಾಲದ ತುದಿಯನ್ನು ನೀರಿಗೆ ತಾಗಿಸಿ ಮೊಟ್ಟೆಯಿಡುವುದು ಕಂಡರೆ ಆ ಜಾಗವನ್ನೂ ಗುರುತು ಹಾಕಿಕೊಂಡು, ಭರಣಿ ಮಳೆ ಬಿದ್ದು ಕೆಲವು ವಾರಗಳಾದ ಮೇಲೆ ಅಲ್ಲಿನ ಕಡ್ಡಿಗಳಲ್ಲಿ ಪೊರೆ ಹುಡುಕಲು ಮತ್ತೆ ಹೋಗಬೇಕು.